ಡ್ರಮ್ಮಿನೊಳಗಿನ ನೀಲಿ

ಬ್ರೇಕ್ ಪೆಡಲ್ ಒತ್ತೋಕೆ ಒಬ್ಬರು ಬೇಕು, ಸಂಜೆ ನಾಲ್ಕಕ್ಕೆ ನೀವೇ ಬಂದರೆ ಆಯಿತು ಎಂದು ಹೇಳಿ ಮೇಸ್ತ್ರಿ ಫೋನ್ ಇಟ್ಟ ಮೇಲೆ, ಕೈಯಲ್ಲಿದ್ದ ಗಾಜು ಎಷ್ಟು ನಂಬರಿನದು ಎಂಬುದೇ ಅವಳಿಗೆ ಮರೆತುಹೋಯಿತು. ಎದುರಿನ ಕುರ್ಚಿಯಲ್ಲಿ, ಪರೀಕ್ಷೆಯ ಲೋಹದ ಚೌಕಟ್ಟನ್ನು ಮೂಗಿನ ಮೇಲೆ ಹೊತ್ತು, ಮುದುಕರೊಬ್ಬರು ಗೋಡೆಯ ಮೇಲಿನ ಅಕ್ಷರಗಳನ್ನು ದಿಟ್ಟಿಸುತ್ತ ಕೂತಿದ್ದರು. ಇದು ಚೆನ್ನಾಗಿದೆಯಾ, ಇಲ್ಲ ಇದಾ? ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ನೂರು ಸಲ ಕೇಳಿ ಕೇಳಿ ನಾಲಿಗೆಗೇ ಅಂಟಿಕೊಂಡ ಪ್ರಶ್ನೆ. ಊರಿಗೆಲ್ಲ ಅವಳು ಕನ್ನಡಕದಮ್ಮ. ಗಾಜು ತೆಗೆದಳು, ಮತ್ತೊಂದು ಹಾಕಿದಳು, ಕೇಳಿದಳು. ಮುದುಕರು ತಡವರಿಸಿದರು. ಎರಡೂ ಒಂದೇ ಥರ ಇದೆಯಲ್ಲಮ್ಮ ಎಂದರು, ತಮ್ಮ ಕಣ್ಣಿನದೇ ಏನೋ ಐಬು ಎಂಬಂಥ ಸಂಕೋಚದಲ್ಲಿ. ಆಗ ಗೊತ್ತಾಯಿತು, ತೆಗೆದ ಗಾಜನ್ನೇ ಅವಳು ತಿರುಗಿ ಹಾಕಿದ್ದಳು. ತಪ್ಪು ತನ್ನದು ಎಂದು ಹೇಳಬೇಕೆನ್ನುವಷ್ಟರಲ್ಲಿ ಮುದುಕರು, ವಯಸ್ಸಾಯಿತು ನೋಡಿ, ನಿಮಗೆ ತೊಂದರೆ ಕೊಡ್ತಾ ಇದೀನಿ ಎಂದು ಅವಳ ಕ್ಷಮೆಯನ್ನೇ ಕೇಳಿಬಿಟ್ಟರು. ಅವಳ ಕಿವಿ ಬಿಸಿಯಾಯಿತು. ಇನ್ನೊಬ್ಬರ ತಪ್ಪನ್ನು ಹೀಗೆ ಬಾಚಿ ಮಡಿಲಿಗೆ ಹಾಕಿಕೊಳ್ಳುವ ಜನ ಲೋಕದಲ್ಲಿ ಇಷ್ಟೊಂದು ಇದ್ದಾರಲ್ಲ, ಇವರ ನೆರಳಲ್ಲೇ ತಾನು ಇಷ್ಟು ವರ್ಷ ತಣ್ಣಗೆ ಬದುಕಿದೆನಲ್ಲ ಅನ್ನಿಸಿತು. 'ಇಲ್ಲ ಸರ್, ನಾನೇ ಅದೇ ಗಾಜು ಹಾಕಿದ್ದೆ' ಎಂದಳು. ಅಷ್ಟು ಸಣ್ಣ ಸತ್ಯ ಹೇಳುವುದಕ್ಕೂ ಗಾಜನ್ನು ಎರಡು ಸಲ ಒರೆಸಬೇಕಾಯಿತು.

ಮೂರು ದಿನದ ಹಿಂದೆ ಮೇಸ್ತ್ರಿಯ ಶೆಡ್ಡಿಗೆ ಹೋಗಿದ್ದಾಗ ಅಪ್ಪನ ಗಾಡಿ ನಾಲ್ಕು ಮರದ ದಿಮ್ಮಿಗಳ ಮೇಲೆ ಚಕ್ರವಿಲ್ಲದೆ ನಿಂತಿತ್ತು. ಬ್ರೇಕಿನ ಹೊಸ ಡಿಸ್ಕುಗಳು ಎಣ್ಣೆಕಾಗದ ಬಿಚ್ಚಿಸಿಕೊಂಡು ಬೆಂಚಿನ ಮೇಲೆ ಕೂತಿದ್ದವು. ಅವನ್ನು ಹಿಡಿಯುವ ಕ್ಯಾಲಿಪರುಗಳು ಈ ಹಳೆಯ ಗಾಡಿಯ ಮೈಗೆ ಸುಲಭವಾಗಿ ಒಗ್ಗುವಂಥವಲ್ಲ; ನಡುವೆ ಒಂದು ಉಕ್ಕಿನ ಪಟ್ಟಿ ಬೇಕು, ಅದನ್ನು ಅಳೆದು ಕೊಯ್ದು ಲೇತಿನ ಮೇಲೆ ತಿದ್ದಬೇಕು. ಅಂಥ ಕೆಲಸಕ್ಕೆ ನಿಧಾನಿ ಮೇಸ್ತ್ರಿಯೇ ಸರಿ ಎಂದು ಬಿಡಿಭಾಗದ ಅಂಗಡಿಯವರು ಒಬ್ಬರಲ್ಲ ಮೂವರು ಹೇಳಿದ್ದರು. ಒಂದು ನಟ್ಟು ಬಿಗಿ ಮಾಡ್ತಾನೆ, ಹೋಗಿ ನೀರು ಕುಡಿದು ಬರ್ತಾನೆ, ಬಂದು ಅದೇ ನಟ್ಟನ್ನ ಮತ್ತೆ ಮುಟ್ಟಿ ನೋಡ್ತಾನೆ, ಮಾರಾಯ್ತಿ, ನಿಮ್ಮ ಗಾಡಿ ಬರೋ ಹೊತ್ತಿಗೆ ನಿಮಗೆ ಮೊಮ್ಮಕ್ಕಳಾಗಿರ್ತಾರೆ ಎಂದು ಒಬ್ಬ ನಕ್ಕಿದ್ದ. ಅವಳು ನಗಲಿಲ್ಲ. ನಿಧಾನಿ ಎಂಬ ಹೆಸರು ಅವನಿಗೆ ಯಾವಾಗ ಬಂತು ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಕಂಡಿದ್ದ ಇಪ್ಪತ್ತೆಂಟರ ಮೇಸ್ತ್ರಿ ಸ್ಪಾನರನ್ನು ಗಾಳಿಯಲ್ಲಿ ಚಿಮ್ಮಿ ಹಿಡಿಯುತ್ತಿದ್ದವನು, ಶಿಳ್ಳೆ ಹಾಕುತ್ತ ಎಂಜಿನ್ನು ಬಿಚ್ಚುತ್ತಿದ್ದವನು. ಭಾನುವಾರಗಳಲ್ಲಿ ಖಾಲಿ ಮೈದಾನದಲ್ಲಿ ಅವಳಿಗೆ ಇದೇ ಗಾಡಿಯಲ್ಲಿ ಡ್ರೈವಿಂಗ್ ಹೇಳಿಕೊಟ್ಟವನು. ಈಗ ಅರವತ್ತು. ಹೋದ ವರ್ಷ ಅವಳ ಅಂಗಡಿಯಲ್ಲೇ ಮಾಡಿಸಿಕೊಂಡ ಕನ್ನಡಕ ಹಾಕಿಕೊಂಡು, ಹಿಂದಿನ ಚಕ್ರದ ಬ್ರೇಕ್ ಡ್ರಮ್ಮನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ ತಂದು ಬೆಳಕಿಗೆ ಹಿಡಿದ.

ಮುಂದೆ ಡಿಸ್ಕು, ಹಿಂದೆ ಡ್ರಮ್ಮೇ ಇರಲಿ, ಹ್ಯಾಂಡ್ ಬ್ರೇಕಿಗೆ ಅದೇ ಒಳ್ಳೇದು, ಆದರೆ ಈ ಹಳೇ ಡ್ರಮ್ಮು ಬೇಡ, ಬೇರೆ ಹಾಕ್ತೀನಿ ಎಂದು ವಿವರಿಸುತ್ತಿದ್ದವನು ಒಳಗಿನ ಬಳೆಯ ಮೇಲೆ ಬೆರಳಿಟ್ಟ. ಅಲ್ಲಿ ನವಿಲುಗರಿಯ ಕಣ್ಣಿನಂಥ ನೀಲಿ ಕಲೆಗಳಿದ್ದವು. ಕಬ್ಬಿಣ ಕಾದು ಕಾದು ಬಣ್ಣ ತಿರುಗಿದ ಗುರುತು, ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂದ. ಆಮೇಲೆ ಅವಳ ಕಡೆ ನೋಡದೆ, ಮಳೆ ಬರೋ ಹಾಗಿದೆ ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದ:

'ಇದು ನನ್ನ ಕೈ ಕೆಲಸ ಮೇಡಂ. ಗಾಡಿ ಗುದ್ದಿದ ಹಿಂದಿನ ದಿನ ನಾನೇ ಬ್ರೇಕ್ ಶೂ ಹೊಂದಿಸಿದ್ದೆ. ಬಿಗಿ ಜಾಸ್ತಿ ಮಾಡಿಬಿಟ್ಟಿದ್ದೆ. ನಿಮ್ಮಪ್ಪ ಹೊಡೆದದ್ದು ಸರಿಯಾಗೇ ಇತ್ತು.'

ಕುಂಬಳಕಾಯಿ ಕದ್ದವಳು ಇವಳು. ಹೆಗಲು ಮುಟ್ಟಿ ನೋಡಿಕೊಂಡವನು ಅವನು. ಮೂವತ್ತೆರಡು ವರ್ಷ ಅವಳು ಇನ್ನೊಂದು ಕಥೆಯನ್ನು ನಂಬಿದ್ದಳು. ಮೇಸ್ತ್ರಿಗೆ ಎಲ್ಲ ಗೊತ್ತು, ತನ್ನದಲ್ಲದ ತಪ್ಪಿಗೆ ಏಟು ತಿಂದೆ ಎಂದು ಒಳಗೊಳಗೇ ಕುದಿಯುತ್ತಾನೆ, ಒಂದಲ್ಲ ಒಂದು ದಿನ ಎದುರಿಗೆ ನಿಂತು ಕೇಳುತ್ತಾನೆ ಎಂಬ ಕಥೆ. ಪೇಟೆಯಲ್ಲಿ ಅವನ ಬೆನ್ನು ಕಂಡರೂ ಅವಳು ರಸ್ತೆ ದಾಟುತ್ತಿದ್ದಳು. ಕಣ್ಣು ಪರೀಕ್ಷೆಗೆ ಬಂದು ಕೂತ ದಿನ, ಕತ್ತಲೆಯ ಕೋಣೆಯಲ್ಲಿ, ಎರಡನೇದು ಚೆನ್ನಾಗಿದೆ ಮೇಡಂ ಎಂದು ಅವನು ಹೇಳಿದ್ದರಲ್ಲೂ ಏನೋ ಒಳಗುಟ್ಟು ಇದೆಯೆಂದು ಬೆವತಿದ್ದಳು. ಅವನ ದ್ವೇಷಕ್ಕೆ ಅವಳು ತಯಾರಾಗಿದ್ದಳು. ಅವನು ತನ್ನನ್ನೇ ತಾನು ಅಪರಾಧಿಯೆಂದುಕೊಂಡು ಬದುಕಿದ್ದಾನೆ ಎಂಬುದಕ್ಕೆ ತಯಾರಾಗಿರಲಿಲ್ಲ. ಆ ಹೊತ್ತಿನಲ್ಲೇ ಬಾಯಿ ಬಿಡಬೇಕಿತ್ತು. ಬಿಟ್ಟಳು ಕೂಡ. ಬಂದದ್ದು, ಎಷ್ಟು ದಿನ ಬೇಕಾಗಬಹುದು ಎಂಬ ಮಾತು.

ಆವತ್ತು ಅವಳಿಗೆ ಹತ್ತೊಂಬತ್ತು. ಬೆಟ್ಟದ ಮೇಲಿನ ಚಿಕ್ಕಮ್ಮನ ಮನೆಯಿಂದ ಅಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಇಳಿಯುತ್ತಿದ್ದಳು. ಆ ಗಾಡಿಯ ಹ್ಯಾಂಡ್ ಬ್ರೇಕ್ ಸ್ಟೇರಿಂಗಿನ ಕೆಳಗೆ ಅಡಗಿಕೊಂಡಿರುವ ಒಂದು ಹಿಡಿ, ಛತ್ರಿಯ ಹಿಡಿಯ ಹಾಗೆ ಎಳೆದರೆ ಬಿಗಿ, ತಿರುಗಿಸಿ ಒಳಗೆ ತಳ್ಳಿದರೆ ಸಡಿಲ. ಅದು ಒಳಗಿದೆಯಾ ನೋಡದೆ ಹೊರಡಬೇಡಿ ಎಂದು ಮೇಸ್ತ್ರಿ ಪ್ರತಿ ಭಾನುವಾರ ಹೇಳುತ್ತಿದ್ದ. ಚಿಕ್ಕಮ್ಮನ ಮಕ್ಕಳು ಗೇಟಿನಲ್ಲಿ ನಿಂತು ಕೈ ಬೀಸುತ್ತಿದ್ದರು, ಹುಡುಗಿ ಗಾಡಿ ಬಿಡುತ್ತಾಳೆ ಎಂದು ಪಕ್ಕದ ಮನೆಯವರೂ ನೋಡುತ್ತಿದ್ದರು, ಅವಳು ಗತ್ತಿನಲ್ಲಿ ಹೊರಟುಬಿಟ್ಟಳು. ಹಿಡಿ ಅರ್ಧ ಹೊರಗೇ ಇತ್ತು. ನಾಲ್ಕು ತಿರುವು ಇಳಿದ ಮೇಲೆ ಅಮ್ಮ, ಏನೋ ಸುಟ್ಟ ವಾಸನೆ ಕಣೇ ಎಂದಳು. ಮುಂದಿನ ಲಾರಿಯದು ಎಂದಳು ಇವಳು. ಆರನೇ ತಿರುವಿನಲ್ಲಿ ಪೆಡಲ್ ಕಾಲಿನ ಕೆಳಗೆ ನೆಲದವರೆಗೂ ಹೋಯಿತು, ಕೆಸರಿನಲ್ಲಿ ಕಾಲಿಟ್ಟ ಹಾಗೆ. ಸೇತುವೆಯ ಮೋಟುಗೋಡೆಗೆ ಎಡಗಡೆ ಗುದ್ದಿ ನಿಂತಿತು. ಅಮ್ಮ ಕಿರುಚಲಿಲ್ಲ, ಅಯ್ಯೋ ನನ್ನ ಕಾಲು ಎಂದಳು ಮೆಲ್ಲಗೆ, ಯಾರದ್ದೋ ಕಾಲಿನ ಬಗ್ಗೆ ಹೇಳುವವಳ ಹಾಗೆ. ಆಗ ಅವಳಿಗೆ ಹಿಡಿ ಕಂಡಿತು. ಮೇಲಿನ ಹೊಲದಿಂದ ಜನ ಓಡಿ ಬರುತ್ತಿದ್ದರು. ಅಮ್ಮನ ಕಡೆ ತಿರುಗುವುದಕ್ಕೆ ಮುಂಚೆ, ಹೌದು, ಅಮ್ಮನ ಕಡೆ ತಿರುಗುವುದಕ್ಕೂ ಮುಂಚೆ, ಅವಳ ಕೈ ಹೋಗಿ ಆ ಹಿಡಿಯನ್ನು ತಿರುಗಿಸಿ ಒಳಗೆ ತಳ್ಳಿತು.

ಅಪ್ಪ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವನು. ಮಕ್ಕಳಿಗೆ ಕೈ ಎತ್ತಿದವನಲ್ಲ, ನಾಯಿಗೂ ಗದರಿದವನಲ್ಲ. ಮಾರನೆಯ ದಿನ ಆಸ್ಪತ್ರೆಯಿಂದ ನೇರ ಗ್ಯಾರೇಜಿಗೆ ಹೋಗಿ, ಆರು ಜನ ಕೆಲಸದವರ ಮುಂದೆ, ಚಹಾದ ಲೋಟ ಹಿಡಿದು ಕೂತಿದ್ದ ಒಬ್ಬ ಗಿರಾಕಿಯ ಮುಂದೆ, ಮೇಸ್ತ್ರಿಯ ಕೆನ್ನೆಗೆ ಹೊಡೆದ. ಇವನ ಕೈಗೆ ಇನ್ನು ಯಾರೂ ಗಾಡಿ ಕೊಡಬಾರದು ಎಂದು ಮಾಲೀಕನಿಗೆ ಹೇಳಿದ. ಹಣೆಗೆ ಪಟ್ಟಿ ಕಟ್ಟಿಕೊಂಡು ಅವಳು ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿ ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಎದುರಾಡಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಅದನ್ನು ಅವಳು ತಾಳ್ಮೆ ಎಂದುಕೊಂಡಿದ್ದಳು. ಆ ವಾರವೇ ಅವನ ಕೆಲಸ ಹೋಯಿತು. ಬಸ್ ಡಿಪೋದಲ್ಲಿ ಗಾಡಿ ತೊಳೆಯುತ್ತಾನಂತೆ ಎಂದು ಯಾರೋ ಹೇಳಿದರು. ಬೇರೆ ಗ್ಯಾರೇಜಿನವರು ಅಪ್ಪನ ಗಾಡಿ ನೆಟ್ಟಗೆ ಮಾಡಿ ಕೊಟ್ಟರು, ಅಪ್ಪ ಅದನ್ನು ಹೊರಗೆ ತೆಗೆಯುವುದೇ ಅಪರೂಪವಾಯಿತು. ಅಮ್ಮನ ಎಡಗಾಲು ಒಂದು ಅಂಗುಲ ಗಿಡ್ಡವಾಯಿತು. ಅಪ್ಪ ಇದನ್ನೆಲ್ಲ ಹಾಗೇ ನಂಬಿಕೊಂಡು, ಏಳು ವರ್ಷದ ಹಿಂದೆ, ನಿದ್ದೆಯಲ್ಲಿ ಹೋದ. ನ್ಯಾಯವಂತ ಮನುಷ್ಯನ ಕೈಯಲ್ಲಿ ಒಂದೇ ಒಂದು ಅನ್ಯಾಯ ಮಾಡಿಸಿದವಳು ತಾನು ಎಂಬುದನ್ನು ಅವಳು ಅವನ ತಲೆದಿಂಬಿನ ಪಕ್ಕ ಕೂತಾಗಲೂ ಹೇಳಲಿಲ್ಲ.

ಮೇಸ್ತ್ರಿಯ ಫೋನ್ ಬಂದ ಆ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅಮ್ಮ ಕಿಟಕಿಯ ಬಳಿ ಬೂಟಿಗೆ ಪಾಲಿಶ್ ಹಾಕುತ್ತ ಕೂತಿದ್ದಳು. ಎಡಗಾಲಿನ ಬೂಟಿಗೆ ಅಡಿ ದಪ್ಪ. ನನ್ನ ಎರಡು ಕಾಲಿಗೂ ಜಗಳ ಕಣೇ, ಒಬ್ಬಳು ನಾನು ದೊಡ್ಡವಳು ಅಂತಾಳೆ, ಇನ್ನೊಬ್ಬಳು ಒಪ್ಪಲ್ಲ, ಮಧ್ಯಸ್ತಿಕೆಗೆ ಈ ಬೂಟು ಎನ್ನುವುದು ಅವಳ ಹಳೆಯ ತಮಾಷೆ. ಎಪ್ಪತ್ತೆಂಟರಲ್ಲೂ ಹೊಸಬರು ಬಂದರೆ ಬಿಡದೆ ಹೇಳುತ್ತಾಳೆ. ಬೆಟ್ಟದ ಚಿಕ್ಕಮ್ಮನಿಗೆ ಈಗ ಹುಷಾರಿಲ್ಲ, ಕೆಳಗೆ ಬರಲಾರಳು, ನಾನೇ ಹೋಗಿ ನೋಡಬೇಕು ಎಂದು ಅಮ್ಮ ಎರಡು ತಿಂಗಳಿಂದ ಹಠ ಹಿಡಿದಿದ್ದಳು. ಬಾಡಿಗೆ ಗಾಡಿಯಲ್ಲಿ ಮಂಡಿ ಮಡಿಸಿ ಕೂರಲು ಆಗುವುದಿಲ್ಲ, ನಿಮ್ಮಪ್ಪನ ಗಾಡಿಯಲ್ಲಾದರೆ ಕಾಲು ಚಾಚಬಹುದು, ಆದರೆ ನಿಲ್ಲುವ ಬ್ರೇಕು ಹಾಕಿಸು, ಒಂದು ಕಾಲು ಕೊಟ್ಟಾಗಿದೆ, ಇನ್ನೊಂದನ್ನ ನಾನು ಇಟ್ಟುಕೊಳ್ಳಬೇಕು ಎಂದಿದ್ದಳು. ಆ ಮಾತಿಗೆ ನಕ್ಕದ್ದೂ ಇವಳೇ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತದ್ದೂ ಇವಳೇ. ಅಮ್ಮ ಆ ಕಾಲಿನ ಬಗ್ಗೆ ಒಂದು ದಿನವೂ, ಕೋಪದಲ್ಲೂ, ನೀನು ಎಂದು ಬೆರಳು ತೋರಿಸಿದವಳಲ್ಲ. ಹುಡುಗಿ ಹೆದರಿದ್ದಾಳೆ ಎಂದು ಆಸ್ಪತ್ರೆಯ ಮಂಚದಿಂದಲೇ ಅಪ್ಪನಿಗೆ ಕಣ್ಣು ಸನ್ನೆ ಮಾಡಿದವಳು. ಆಮೇಲೂ ಎಷ್ಟೋ ಸಲ, ಪಾಪ ಆ ಮೇಸ್ತ್ರಿಗೆ ಹೆಂಡತಿ ಬಸುರಿ ಇದ್ದಳಂತೆ ಆಗ ಎಂದು ನಿಟ್ಟುಸಿರು ಬಿಟ್ಟವಳು. ಇಂಥವರ ಕೈಯಲ್ಲಿ ಬೆಳೆದೆನಲ್ಲ ಎಂಬ ಕೃತಜ್ಞತೆ ತಟ್ಟೆಯ ಮುಂದೆ ಕೂತಾಗ ಎಷ್ಟು ಒತ್ತಿ ಬಂತೆಂದರೆ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದಳು. ಅಮ್ಮ ಪಾಲಿಶ್ ಬಟ್ಟೆಯನ್ನು ಮಡಿಸಿಟ್ಟು, ಯಾಕೆ ಉಪ್ಪು ಕಡಿಮೆಯಾ ಎಂದಳು. ಸರಿಯಾಗಿದೆ ಎಂದಳು ಇವಳು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಶೆಡ್ಡಿಗೆ ಹೋದಳು. ಗಾಡಿಗೆ ಚಕ್ರಗಳು ಇನ್ನೂ ಬಂದಿರಲಿಲ್ಲ. ಮುಂದೆ ಎರಡು ಕಡೆಯೂ ಡಿಸ್ಕುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಮೇಸ್ತ್ರಿ ಅವಳನ್ನು ಕರೆದು ಪ್ರತಿಯೊಂದನ್ನೂ ತೋರಿಸಿದ. ಡ್ರಮ್ಮು ಮುಚ್ಚಿದ ಡಬ್ಬಿ, ಬಿಸಿ ಒಳಗೇ ಕೂತುಬಿಡುತ್ತೆ, ಆಯಿಲು ಕುದಿದು ಪೆಡಲ್ ಕೈಕೊಡುತ್ತೆ. ಇದು ತೆರೆದಿರುತ್ತೆ, ಓಡೋ ಗಾಳೀಲೇ ಆರುತ್ತೆ. ಮೊದಲು ಬ್ರೇಕ್ ಆಯಿಲಿಗೆ ಒಂದೇ ದಾರಿ ಇತ್ತು, ಈಗ ಮುಂದಕ್ಕೊಂದು ಹಿಂದಕ್ಕೊಂದು, ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತೆ. ಉಕ್ಕಿನ ಪಟ್ಟಿಯನ್ನು ಮೂರು ಸಲ ಮಾಡಿದ್ದನಂತೆ. ಮೊದಲನೆಯದು ಕೂದಲೆಳೆಯಷ್ಟು ಓರೆ, ಎರಡನೆಯದು ಸರಿಯಾಗೇ ಇತ್ತು, ಆದರೂ ಮನಸ್ಸು ಒಪ್ಪಲಿಲ್ಲ. ಸರಿಯಾಗಿದ್ದದ್ದನ್ನು ಯಾಕೆ ಬಿಸಾಡಿದಿರಿ ಎಂದು ಕೇಳಿದಳು. ಅವನು ಸಂಕೋಚದಿಂದ ನಕ್ಕ. ಕೈ ಮೇಲೆ ನಂಬಿಕೆ ಇಲ್ಲ ಮೇಡಂ, ಅದಕ್ಕೇ ಯಾರನ್ನೂ ಇಟ್ಟುಕೊಂಡಿಲ್ಲ, ಎಲ್ಲ ನಾನೇ ನೋಡಬೇಕು ಎಂದ. ಅವಳಿಗೆ ಗಾಳಿಯಲ್ಲಿ ಚಿಮ್ಮಿದ ಸ್ಪಾನರ್ ನೆನಪಾಯಿತು.

ಬ್ರೇಕ್ ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಗಾಡಿಯೊಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರ ಕೂರುವ ಜಾಗದ ಬಳಿ ಕೂತು ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ, ಎಣ್ಣೆಯ ಜೊತೆ ಗುಳ್ಳೆ ಬರುವುದನ್ನು ನೋಡಿ, ಮತ್ತೆ ಮುಚ್ಚಬೇಕು. ಮುಚ್ಚಿದೆ ಎಂದು ಹೇಳುವ ತನಕ ಕಾಲು ತೆಗೆಯಬಾರದು, ತೆಗೆದರೆ ಹೊರಗಿನ ಗಾಳಿಯನ್ನು ಎಳೆದುಕೊಂಡು ಮಾಡಿದ್ದೆಲ್ಲ ಹಾಳು. ಅವಳು ಹತ್ತಿ ಕೂತಳು. ಮೂವತ್ತೆರಡು ವರ್ಷದಲ್ಲಿ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಸೀಟಿನ ಹಳೆಯ ರೆಕ್ಸಿನ್ ಅವಳ ಹತ್ತೊಂಬತ್ತರ ಬೆನ್ನನ್ನು ಇನ್ನೂ ಮರೆತಿಲ್ಲವೆಂಬಂತೆ ತಗ್ಗಿತು. ಮೇಸ್ತ್ರಿ ಅತಿ ದೂರದ ಹಿಂದಿನ ಚಕ್ರದ ಜಾಗದಲ್ಲಿ ಮರೆಯಾದ. ಅವನ ದನಿ ಮಾತ್ರ ಬರುತ್ತಿತ್ತು. ಒತ್ತಿ. ಹಿಡೀರಿ. ಬಿಡಿ. ಅವಳು ಒತ್ತಿದಳು, ಹಿಡಿದಳು, ಬಿಟ್ಟಳು. ಹದಿನೈದು ಸಲವಾದ ಮೇಲೆ ಒಂದು ಚಕ್ರ ಮುಗಿಯಿತು. ಅವನು ಈಚೆ ಪಕ್ಕದ ಹಿಂದಿನ ಚಕ್ರಕ್ಕೆ ಬಂದ. ಆ ಹಿಡಿ ಅವಳ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಮುಖ ಕಾಣುವುದಿಲ್ಲ, ದನಿ ಕೇಳಿಸುತ್ತದೆ; ಇದಕ್ಕಿಂತ ಸುಲಭದ ಜಾಗ ತನಗೆ ಸಿಗಲಾರದು, ಇದಕ್ಕಿಂತ ಹೇಡಿತನದ ಜಾಗವೂ ಇನ್ನೊಂದಿಲ್ಲ ಎಂದುಕೊಂಡಳು. ಒತ್ತಿ ಎಂದ. ಒತ್ತಿದಳು. ಹಿಡೀರಿ ಎಂದ. ನಿಪ್ಪಲ್ ಸಡಿಲವಾಗಿ ಪೆಡಲ್ ಮೆಲ್ಲಗೆ ನೆಲದ ಕಡೆ ಇಳಿಯಿತು, ಆವತ್ತು ಇಳಿದ ಹಾಗೆಯೇ.

'ಮೇಸ್ತ್ರಿ, ಅವತ್ತು ಹ್ಯಾಂಡ್ ಬ್ರೇಕ್ ಅರ್ಧ ಎಳೆದಿತ್ತು. ನಾನು ನೋಡದೆ ಹೊರಟಿದ್ದೆ. ಗುದ್ದಿದ ಮೇಲೆ, ಜನ ಬರೋಕೆ ಮುಂಚೆ, ನಾನೇ ಅದನ್ನ ಒಳಗೆ ತಳ್ಳಿಬಿಟ್ಟೆ. ಡ್ರಮ್ಮು ಸುಟ್ಟದ್ದು ಅದರಿಂದ. ನಿಮ್ಮ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ.'

ಬಿಡಿ ಎಂಬ ಮಾತು ಬರಲಿಲ್ಲ. ಅವಳ ಕಾಲು ಪೆಡಲಿನ ಮೇಲೆ ಹಾಗೇ ಇತ್ತು. ಹೊರಗೆ ಒಂದು ಸ್ಕೂಟರ್ ಹೋಯಿತು, ಎದುರಿನ ಮರಗೆಲಸದ ಅಂಗಡಿಯಲ್ಲಿ ಗರಗಸ ಒಂದು ಹಲಗೆಯನ್ನು ಪೂರ್ತಿ ಕೊಯ್ದು ನಿಂತಿತು. ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು ಒತ್ತಿದಳು. ಅವನು ಎದ್ದು ಹೋಗಿರಬಹುದೇ? ಹಿಂದೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಅವನು ಎದ್ದು ಹೋಗಿದ್ದರೂ ತಾನು ಕಾಲು ತೆಗೆಯಬಾರದು, ಗಾಳಿ ಒಳಗೆ ಹೋಗಿಬಿಡುತ್ತದೆ, ಅವನ ಇಷ್ಟು ದಿನದ ಕೆಲಸ ಕೆಡುತ್ತದೆ, ಇದೊಂದನ್ನಾದರೂ ಕೆಡಿಸಬಾರದು ಎಂಬುದಷ್ಟೇ ತಲೆಯಲ್ಲಿ ಉಳಿಯಿತು. ಆಮೇಲೆ ದನಿ ಬಂತು. ಬಿಡಿ. ಸ್ವಲ್ಪ ಹೊತ್ತು ಬಿಟ್ಟು, ಒತ್ತಿ. ಆ ಚಕ್ರ ಮುಗಿಸಿದ. ಮುಂದಿನ ಎರಡನ್ನೂ ಮುಗಿಸಿದ. ಆ ಮೂರು ಮಾತಿನ ಹೊರತು ನಾಲ್ಕನೆಯದು ಅವನ ಬಾಯಿಂದ ಬರಲಿಲ್ಲ. ಕೊನೆಗೆ ಪೆಡಲ್ ಕಾಲಿನ ಕೆಳಗೆ ಕಲ್ಲಿನ ಹಾಗೆ ನಿಂತಿತು. ಅವನು ಎಣ್ಣೆಯ ಮುಚ್ಚಳ ಹಾಕಿ, ಹೋಗಿ ಸೋಪಿನ ಪುಡಿಯಲ್ಲಿ ಕೈ ತೊಳೆದು, ಒಂದೊಂದೇ ಬೆರಳನ್ನು ಒರೆಸಿಕೊಂಡ. ಅವಳು ಇಳಿದು ಕ್ಷಮೆ ಕೇಳಲು ಬಾಯಿ ತೆರೆದಾಗ ತಲೆ ಅಲ್ಲಾಡಿಸಿ, ನೀವು ಮನೆಗೆ ಹೋಗಿ, ನಾಳೆ ಗಾಡಿ ನಾನೇ ತರ್ತೀನಿ ಎಂದಷ್ಟೇ ಹೇಳಿದ.

ನಡೆದು ಬರುವಾಗ ಹಗುರಾಗಬೇಕಿತ್ತು, ಆಗಲಿಲ್ಲ. ತನ್ನ ಹೊರೆಯನ್ನು ಇಳಿಸಿ ಅವನ ತಲೆಯ ಮೇಲಿಟ್ಟು ಬಂದೆನೇನೋ. ಅರವತ್ತರ ಮನುಷ್ಯನಿಗೆ, ನಿನ್ನ ಬದುಕು ಸುಮ್ಮನೆ ಅಡ್ಡದಾರಿ ಹಿಡಿಯಿತು ಎಂದು ಹೇಳುವುದು ಯಾವ ದೊಡ್ಡ ಉಪಕಾರ? ಸುಳ್ಳೇ ಆದರೂ ಅದಕ್ಕೆ ಅವನು ಒಗ್ಗಿಹೋಗಿದ್ದನಲ್ಲ. ಹೀಗೆಲ್ಲ ತನ್ನನ್ನು ತಾನು ಹಿಂಡಿಕೊಳ್ಳುತ್ತ ಬಂದವಳು ತರಕಾರಿ ಅಂಗಡಿಯ ಮುಂದೆ ನಿಂತಳು. ಅಷ್ಟು ದೊಡ್ಡ ಮಾತು ಕೇಳಿಯೂ ಅವನು ನಿಪ್ಪಲ್ ಮುಚ್ಚುವುದನ್ನು ಮರೆಯಲಿಲ್ಲ. ಮುಚ್ಚಿದ ಮೇಲೆಯೇ ಬಿಡಿ ಎಂದ. ಸ್ಪಾನರ್ ಎಸೆದು, ತಗೊಂಡು ಹೋಗಿ ನಿಮ್ಮ ಗಾಡಿ ಎನ್ನಬಹುದಿತ್ತು, ಯಾರೂ ತಪ್ಪು ಎನ್ನುತ್ತಿರಲಿಲ್ಲ. ಬದಲಿಗೆ ಅವಳ ಅಮ್ಮ ಕೂರುವ ಗಾಡಿಯ ಬ್ರೇಕಿನಿಂದ ಗಾಳಿಯನ್ನು ಕೊನೆಯ ಗುಳ್ಳೆಯವರೆಗೂ ತೆಗೆದ. ಈರುಳ್ಳಿ ಆರಿಸುತ್ತಿದ್ದ ಹೆಂಗಸರ ನಡುವೆ ನಿಂತು ಅವಳಿಗೆ ಕಣ್ಣು ತುಂಬಿ ಬಂತು. ಅಂಗಡಿಯವನು, ಈ ಸಲದ ಈರುಳ್ಳಿ ಖಾರ ಅಮ್ಮ, ಹೆಚ್ಚೋದೇ ಬೇಡ, ನೋಡಿದರೇ ಸಾಕು ಎಂದ. ಅವಳು ನಕ್ಕುಬಿಟ್ಟಳು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಬಳಿ ಆ ಗಾಡಿಯ ದಪ್ಪ ಹಾರನ್ ಕೇಳಿಸಿತು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಇಳಿದು ಬಾಗಿಲು ಹಾಕಿ, ಹಾಕಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿ, ಗೇಟಿನ ಹೊರಗೇ ನಿಂತ. ನಿನ್ನೆ ಮೊದಲು ಸಿಟ್ಟು ಬಂತು ಎಂದ. ಹೆಂಡತಿಗೆ ಹೇಳಿದನಂತೆ, ಅವಳು, ನಾನು ಆಗಲೇ ಹೇಳಿರಲಿಲ್ಲವಾ, ನಿಮ್ಮ ಕೈಯಲ್ಲಿ ಅಂಥದ್ದು ಆಗಲ್ಲ ಅಂತ, ಎಂದು ಅತ್ತಳಂತೆ. ಡಿಪೋದಲ್ಲಿ ಬಸ್ಸು ತೊಳೆದ ಒಂಬತ್ತು ವರ್ಷ ಯಾರು ವಾಪಸ್ ಕೊಡ್ತಾರೆ ಅನ್ನಿಸಿತಂತೆ. ಅವಳು ತಲೆ ತಗ್ಗಿಸಿದಳು. ಅವನು, ಆದರೆ ಬೆಳಿಗ್ಗೆ ಎದ್ದು ಚಕ್ರ ಹಾಕಿದೆ ಎಂದ, ತಾನೇ ಆಶ್ಚರ್ಯಪಡುವವನ ಹಾಗೆ. ನಾಲ್ಕು ಚಕ್ರದ ನಟ್ಟೂ ಒಂದೇ ಸಲ ಬಿಗಿ ಮಾಡಿದೆ, ಬಂದುಬಿಟ್ಟೆ, ದಾರಿಯಲ್ಲಿ ನೆನಪಾಯಿತು ಎರಡನೇ ಸಲ ಮುಟ್ಟಲೇ ಇಲ್ಲವಲ್ಲ ಅಂತ. ಗಾಡಿ ನಿಲ್ಲಿಸಿ ನೋಡಲಾ ಎಂದುಕೊಂಡನಂತೆ. ನಿಲ್ಲಿಸಲಿಲ್ಲವಂತೆ. ಹೇಳುವಾಗ ಅವನ ಮುಖದಲ್ಲಿ ಏನೋ ಸಡಿಲಾಗಿ, ಶಿಳ್ಳೆ ಹಾಕುತ್ತಿದ್ದವನ ತುಟಿ ಒಂದು ಕ್ಷಣ ಕಂಡು ಹೋಯಿತು. ಆಮೇಲೆ ಕೇಳಿದ:

'ಅಮ್ಮಾವ್ರಿಗೆ ಗೊತ್ತಾ?'

ಇಲ್ಲ ಎಂದಳು.

'ಹೇಳಿ. ನಾನಿದ್ದಾಗಲೇ ಹೇಳಿ. ಅಮ್ಮಾವ್ರು ಕೋಲು ಊರಿಕೊಂಡು ಹೋಗೋದು ಕಂಡ್ರೆ ನಾನು ಇಷ್ಟು ವರ್ಷ ಮುಖ ಆ ಕಡೆ ತಿರುಗಿಸಿಕೊಂಡಿದೀನಿ. ಒಂದು ಸಲ ಅವರೆದುರು ನೆಟ್ಟಗೆ ನಿಲ್ಲಬೇಕು.'

ಅಮ್ಮ ಜಗುಲಿಯಲ್ಲಿ ಕೂತು ಎಡಗಾಲಿನ ಬೂಟಿನ ದಾರ ಕಟ್ಟುತ್ತಿದ್ದಳು. ಅವಳು ಹೋಗಿ ಕೆಳಗಿನ ಮೆಟ್ಟಿಲ ಮೇಲೆ, ಆ ಬೂಟಿನ ಪಕ್ಕದಲ್ಲೇ ಕೂತಳು. ಹೇಳಿದಳು. ನಿನ್ನೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು, ಯಾಕೆಂದರೆ ಇಲ್ಲಿ ಮುಖ ಕಾಣುತ್ತಿತ್ತು. ಹಿಡಿಯನ್ನು ಒಳಗೆ ತಳ್ಳಿದ್ದನ್ನು ಹೇಳಿದಳು. ನಿನ್ನ ಕಡೆ ತಿರುಗೋಕೆ ಮುಂಚೆ ಎಂಬುದನ್ನೂ ಬಿಡದೆ ಹೇಳಿದಳು. ಅಮ್ಮನ ಕೈಯಲ್ಲಿ ಒಂದು ದಾರ ಹಾಗೇ ನಿಂತಿತ್ತು. ಮೇಸ್ತ್ರಿ ಕಂಬದ ಬಳಿ, ಶಾಲೆಯಲ್ಲಿ ಹೆಸರು ಕರೆಯುವಾಗ ನಿಲ್ಲುವವನ ಹಾಗೆ ನಿಂತಿದ್ದ. ಅಮ್ಮ ಬಹಳ ಹೊತ್ತು ಮಗಳನ್ನು ನೋಡಿದಳು. ಆ ನೋಟದಲ್ಲಿ ಕ್ಷಮೆ ಇದೆಯೋ ಎಂದು ಇವಳು ಹುಡುಕಿದಳು, ಕಾಣಲಿಲ್ಲ. ಬೇರೆ ಏನೋ ಇತ್ತು, ಲೆಕ್ಕವಿಲ್ಲದಷ್ಟು ದಿನ ಒಂದೇ ಮನೆಯಲ್ಲಿದ್ದೂ ನೋಡಿರದ ಒಂದು ಮುಖವನ್ನು ಗುರುತು ಹಿಡಿಯುವ ಪ್ರಯತ್ನ.

'ಯಾರಿಗೆ ಹೆದರಿದ್ದೆ? ನಿಮ್ಮಪ್ಪನಿಗಾ, ನನಗಾ?'

'ನಿನಗೆ' ಎಂದಳು. 'ನೀನು ನನ್ನನ್ನ ಬೈಯಲ್ಲ ಅಂತ ಗೊತ್ತಿತ್ತಲ್ಲ ಅಮ್ಮ, ಅದಕ್ಕೇ.'

ಅಮ್ಮ ದಾರವನ್ನು ಎಳೆದು ಗಂಟು ಹಾಕಿದಳು. ಕೋಲು ಊರಿ ಎದ್ದಳು. ಮೇಸ್ತ್ರಿಯ ಮುಂದೆ ಹೋಗಿ, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಮುಗಿದಳು. ಅವನು ಗಾಬರಿಯಾಗಿ, ಬೇಡ ಅಮ್ಮ ಬೇಡ ಎಂದು ಹಿಂದೆ ಸರಿದ. ಅಮ್ಮ ಕೈ ಇಳಿಸಲಿಲ್ಲ.

'ಈ ನಮಸ್ಕಾರ ನನ್ನದಲ್ಲ ಮೇಸ್ತ್ರಿ, ನಮ್ಮನೆಯವರದ್ದು. ನೀವು ಶೆಡ್ಡು ಹಾಕಿದ ವರ್ಷ ಅವರು ನಿಮ್ಮ ಹತ್ರ ಬಂದಿದ್ರು. ತಪ್ಪು ಮಾಡಿದ್ದರೂ ಹೊಡೀಬಾರದಿತ್ತು ಕಣೇ, ಹೇಳಿ ಬರ್ತೀನಿ ಅಂತ ಗಾಡಿ ತಗೊಂಡು ಹೋದ್ರು. ಎದುರುಗಡೆ ನಿಲ್ಲಿಸಿಕೊಂಡು ಒಂದು ಗಂಟೆ ಕೂತಿದ್ರಂತೆ. ಇಳಿಯೋಕಾಗದೆ ವಾಪಸ್ ಬಂದ್ರು.'

ಮಗಳಿಗೆ ಇದು ಗೊತ್ತಿರಲಿಲ್ಲ. ಮೇಸ್ತ್ರಿ ನೆಲ ನೋಡುತ್ತ ನಿಂತಿದ್ದ.

'ಗೊತ್ತು ಅಮ್ಮ' ಎಂದ. 'ಆ ಗಾಡಿ ಶಬ್ದ ನನಗೆ ಗೊತ್ತಾಗಲ್ವಾ. ಬಾಗಿಲ ಸಂದೀಲಿ ನೋಡ್ತಾನೇ ಇದ್ದೆ. ಮತ್ತೆ ಹೊಡೆಯೋಕೆ ಬಂದಿದಾರೆ ಅಂದ್ಕೊಂಡೆ. ನಾನೂ ಹೊರಗೆ ಬರಲಿಲ್ಲ.'

ಒಂದು ರಸ್ತೆಯ ಈಚೆ ಆಚೆ ಕೂತ ಇಬ್ಬರು ಗಂಡಸರು ಅವಳ ಕಣ್ಣ ಮುಂದೆ ಬಂದರು, ಇಬ್ಬರಿಗೂ ಬೇಕಾದದ್ದು ನಾಲ್ಕು ಹೆಜ್ಜೆ. ಅಪ್ಪ ಅಷ್ಟು ದೂರವಾದರೂ ಹೋಗಿದ್ದ. ಅದೊಂದು ಇವತ್ತು ಅಪ್ಪನಿಂದ ಬಂದ ಕಾಣಿಕೆಯಂತೆ ಎದೆಯಲ್ಲಿ ಕೂತಿತು. ಅಮ್ಮ ಮೇಸ್ತ್ರಿಗೆ, ನೀವೂ ನಮ್ಮ ಜೊತೆ ಬೆಟ್ಟಕ್ಕೆ ಬರಬೇಕು, ನಿಮ್ಮ ಬ್ರೇಕನ್ನ ನೀವು ನೋಡಿಕೊಳ್ಳಿ, ಊಟ ಅಲ್ಲೇ ಎಂದು ಅಪ್ಪಣೆಯನ್ನೇ ಕೊಟ್ಟಳು. ಅವನು ಶೆಡ್ಡಿನ ಬೀಗ ಹಾಕಿದ್ದೀನೋ ಇಲ್ಲವೋ ಎಂದು ಗೊಣಗಿ, ಹಾಕಿರ್ತೀನಿ ಬಿಡಿ ಎಂದ. ಅಮ್ಮ ಮಗಳ ಕಡೆ ತಿರುಗಿದಳು.

'ನಿನ್ನ ಜೊತೆ ನಾನು ಇವತ್ತು ಮಾತಾಡಲ್ಲ. ನಾಳೆ ನೋಡೋಣ. ಈಗ ಕೈ ಕೊಡು, ಹತ್ತಿಸು.'

ಅವಳು ಕೈ ಕೊಟ್ಟಳು. ಅಮ್ಮ ತನ್ನ ಭಾರವನ್ನೆಲ್ಲ ಆ ಕೈ ಮೇಲೆ ಹಾಕಿ ಹಿಂದಿನ ಸೀಟಿನಲ್ಲಿ ಕೂತು ಕಾಲು ಚಾಚಿದಳು. ಮೇಸ್ತ್ರಿ ಮುಂದೆ, ಮಗಳ ಪಕ್ಕದಲ್ಲಿ ಕೂತ. ನೀವೇ ಬಿಡಿ ಎಂದು ಬೀಗದ ಕೈ ಅವಳಿಗೇ ಕೊಟ್ಟಿದ್ದ. ಅಮ್ಮ ಮಾತು ಉಳಿಸಿಕೊಂಡಳು. ಪೇಟೆ ದಾಟುವವರೆಗೂ ಮೇಸ್ತ್ರಿಯ ಹೆಂಡತಿ, ಮಕ್ಕಳು, ಮಂಡಿನೋವು ಎಲ್ಲ ವಿಚಾರಿಸಿದಳು, ಮಗಳ ಹೆಸರೆತ್ತಲಿಲ್ಲ. ಆ ಮೌನ ಬೆನ್ನಿಗೆ ಬಿಸಿಲಿನ ಹಾಗೆ ತಾಗುತ್ತಿತ್ತು. ಅದು ತನಗೆ ಸಿಗಬೇಕಾದದ್ದೇ. ಸಿಕ್ಕಿತಲ್ಲ ಎಂಬುದೇ ಅವಳಿಗೆ ದೊಡ್ಡದಾಗಿ ಕಂಡಿತು. ಕೊನೆಗೂ ಯಾರೋ ಅವಳ ಪಾಲಿನದನ್ನು ಅವಳಿಗೇ ಕೊಟ್ಟಿದ್ದರು.

ಊರಿನ ಅಂಚಿನಲ್ಲಿ, ಶಾಲೆಯ ಗೋಡೆ ಮುಗಿಯುವಲ್ಲಿ, ಇಳಿಜಾರು ಶುರುವಾಗಿ ಗಾಡಿಗೆ ವೇಗ ಬಂದಿತ್ತು. ನಿಂತ ಬಸ್ಸಿನ ಮುಂದಿನಿಂದ ಒಬ್ಬ ಮನುಷ್ಯ, ತಲೆ ಮೇಲೆ ಸುತ್ತಿದ ಚಾಪೆ ಹೊತ್ತವನು, ಎಡಕ್ಕೂ ನೋಡದೆ ಬಲಕ್ಕೂ ನೋಡದೆ ರಸ್ತೆಗೆ ಇಳಿದ. ಅವಳು ಒತ್ತಿದಳು. ಪೆಡಲ್ ಎರಡು ಬೆರಳಿನಷ್ಟು ಇಳಿದು ಗಟ್ಟಿಯಾಗಿ ನಿಂತಿತು, ಗಾಡಿ ಮೂಗು ತಗ್ಗಿಸಿ, ಎಡಕ್ಕೆ ಎಳೆಯದೆ ಬಲಕ್ಕೆ ಎಳೆಯದೆ, ಅವನಿಂದ ಎರಡು ಮಾರು ದೂರದಲ್ಲಿ ನಿಂತುಕೊಂಡಿತು. ಹಿಂದಿನಿಂದ ಅಮ್ಮನ ಕೈ ಬಂದು ಅವಳ ಭುಜವನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಮೇಸ್ತ್ರಿ ತನ್ನ ಮೊಣಕಾಲುಗಳ ಮೇಲೆ ಕೈ ಊರಿ ಮುಂದೆ ನೋಡುತ್ತಿದ್ದ. ಚಾಪೆಯವನಿಗೆ ಏನೂ ಗೊತ್ತಾಗಲಿಲ್ಲ. ಅವನು ತನ್ನಷ್ಟಕ್ಕೆ ಏನೋ ಗುನುಗಿಕೊಳ್ಳುತ್ತ, ಒಂದು ಸಲವೂ ಇತ್ತ ತಿರುಗದೆ, ನಿಧಾನವಾಗಿ ಆಚೆ ದಡ ಸೇರಿ, ಚಾಪೆಯನ್ನು ತಲೆ ಮೇಲೆ ಸರಿಮಾಡಿಕೊಂಡು ತನ್ನ ದಾರಿ ಹಿಡಿದು ಹೋದ.